ಇವಿ ಕಾರು ರೆಡಿ ಆಗ್ತಿಲ್ಲ, ಚಾರ್ಜ್ ತಗೋತಿಲ್ಲ ಅಂದ್ರೆ ಮೊದ್ಲು ಏನು ನೋಡ್ಬೇಕು

ಹೋದ ಮಳೆಗಾಲದಲ್ಲಿ ಬೆಂಗಳೂರಿಂದ ಶಿವಮೊಗ್ಗಕ್ಕೆ ವಾಪಸ್ ಬರ್ತಾ ತಿಪಟೂರು ದಾಟಿದ ಮೇಲೆ ಒಂದು ಹೋಟೆಲ್ ಹತ್ರ ನಿಲ್ಲಿಸಿದ್ವಿ, ಇಡ್ಲಿ ತಿಂದು ಕಾಫಿ ಕುಡಿದು ಇಪ್ಪತ್ತು ನಿಮಿಷಕ್ಕೆ ಬಂದು ಬ್ರೇಕ್ ಒತ್ತಿ ಬಟನ್ ಒತ್ತಿದ್ರೆ ಕಾರು ಓಡೋಕೆ ಸಿದ್ಧ ಅಂತ ತೋರಿಸೋ ಹಸಿರು ರೆಡಿ ಲೈಟು ಬರಲೇ ಇಲ್ಲ. ಬದಲಿಗೆ ಎಬಿಎಸ್, ಸ್ಟಿಯರಿಂಗ್, ಏರ್‌ಬ್ಯಾಗ್, ಹಿಲ್ ಅಸಿಸ್ಟ್, ಹೈ ವೋಲ್ಟೇಜ್ ಸಿಸ್ಟಂ ಚೆಕ್ ಮಾಡಿ ಅಂತ ಒಂದರ ಹಿಂದೆ ಒಂದು ವಾರ್ನಿಂಗು, ಆಮೇಲೆ ಸ್ಕ್ರೀನೇ ಕಪ್ಪು. ದೊಡ್ಡ ಬ್ಯಾಟರಿಯಲ್ಲಿ 64 ಪರ್ಸೆಂಟ್ ಚಾರ್ಜ್ ಇತ್ತು. ಹಿಂದಿನ ಸೀಟಲ್ಲಿ ಅಮ್ಮ, ಹೊರಗೆ ಸೋನೆ ಮಳೆ. ಹೆಲ್ಪ್‌ಲೈನಿಗೆ ಫೋನ್ ಮಾಡಿದ್ರೆ ಮೋಟರ್ ಕಂಟ್ರೋಲರ್ ಹೋಗಿರಬಹುದು ಸರ್, ಕಾರು ಹೊತ್ತೊಯ್ಯೋ ಫ್ಲಾಟ್‌ಬೆಡ್ ಲಾರಿ ಕಳಿಸ್ತೀವಿ, ನಾಲ್ಕು ಗಂಟೆ ಆಗುತ್ತೆ ಅಂದ್ರು.

ಆ ಹೋಟೆಲ್ ಪಕ್ಕದಲ್ಲೇ ಲಾರಿ, ಟ್ರ್ಯಾಕ್ಟರ್ ವೈರಿಂಗ್ ಮಾಡೋ ಒಂದು ಶೆಡ್ ಇತ್ತು. ಅಲ್ಲಿನ ಹುಡುಗ ಇವಿ ಕಾರಿನ ಬಾನೆಟ್ ಯಾವತ್ತೂ ತೆಗೆದಿರಲಿಲ್ಲವಂತೆ, ಆದ್ರೂ ಬಂದು ಮೂಲೆಯಲ್ಲಿದ್ದ ಸಣ್ಣ 12 ವೋಲ್ಟ್ ಬ್ಯಾಟರಿಗೆ ಮೀಟರ್ ಇಟ್ಟ. 10.9. "ಅಣ್ಣಾ, ಇದ್ರಲ್ಲಿ ಒಂದು ಸೆಲ್ ಸತ್ತಿದೆ, ನಿಮ್ಮ ದೊಡ್ಡ ಬ್ಯಾಟರಿ ಏನೂ ಆಗಿಲ್ಲ" ಅಂದ. ಟ್ರ್ಯಾಕ್ಟರ್ ಬ್ಯಾಟರಿಯಿಂದ ಕೇಬಲ್ ಹಾಕಿ ಜಂಪ್ ಕೊಟ್ಟ ತಕ್ಷಣ ಕಾರು ರೆಡಿ ಆಯ್ತು, ಅದೇ ಮೀಟರಲ್ಲಿ 14.2 ತೋರಿಸ್ತು. ಎಲ್ಲೂ ಆಫ್ ಮಾಡದೆ ಅರಸೀಕೆರೆಗೆ ಹೋಗಿ ಬ್ಯಾಟರಿ ಅಂಗಡಿಯಲ್ಲಿ ಅದೇ ಸೈಜಿಂದು ಹೊಸದು ಹಾಕಿಸಿಕೊಂಡು, ನಾಲ್ಕೂವರೆ ಸಾವಿರ ಕೊಟ್ಟು, ರಾತ್ರಿ ಮನೆ ಸೇರಿದ್ವಿ.

ಕಥೆ ಅಲ್ಲಿಗೆ ಮುಗೀಲಿಲ್ಲ. ಎರಡೇ ವರ್ಷಕ್ಕೆ ಬ್ಯಾಟರಿ ಯಾಕೆ ಸತ್ತಿತು ಅಂತ ಸರ್ವಿಸ್ ಸೆಂಟರಿಗೆ ಹೋಗಿ ಕೇಳಿದ್ರೆ ಅವರು ಸ್ಕ್ಯಾನರ್ ಹಾಕಿ ನೋಡಿ ಎಲ್ಲಾ ಓಕೆ ಸರ್, ಯಾವ ಎರರ್ ಕೋಡೂ ಇಲ್ಲ ಅಂದ್ರು. ಆವತ್ತು ಯಾವ್ಯಾವ ವಾರ್ನಿಂಗ್ ಯಾವ ಕ್ರಮದಲ್ಲಿ ಬಂತು ಅನ್ನೋದಕ್ಕೆ ನನ್ನ ಹತ್ರ ಒಂದು ಫೋಟೋನೂ ಇರಲಿಲ್ಲ, ಗಾಬರಿಯಲ್ಲಿ ಐದಾರು ಸಲ ಆನ್ ಆಫ್ ಮಾಡಿದ್ದೆ ಅಷ್ಟೆ. ಮೂರೇ ವಾರಕ್ಕೆ ಹೊಸ ಬ್ಯಾಟರಿನೂ 11.9ಕ್ಕೆ ಇಳಿದಿತ್ತು. ನಿಜವಾದ ಕಾರಣ ಸಿಕ್ಕಿದ್ದು ಮೂರು ತಿಂಗಳಾದ ಮೇಲೆ, ಅದನ್ನ ಕೆಳಗೆ ಹೇಳ್ತೀನಿ. ಆ ಮೂರು ತಿಂಗಳಲ್ಲಿ ಕಲಿತಿದ್ದು ಮತ್ತೆ ಆಮೇಲೆ ನಮ್ಮೂರಿನ ಇನ್ನೂ ಐದಾರು ಇವಿ ಓನರ್‌ಗಳ ಕಾರಿನ ಜೊತೆ ಒದ್ದಾಡಿದ್ದು ಎಲ್ಲಾ ಸೇರಿಸಿ ಇದನ್ನ ಬರೀತಿದೀನಿ, ಯಾಕಂದ್ರೆ "ಮೋಟರ್ ಹೋಗಿದೆ, ಬ್ಯಾಟರಿ ಹೋಗಿದೆ" ಅಂತ ಹೆದರಿಸಿದ ಕೇಸುಗಳಲ್ಲಿ ನಾನು ಕಣ್ಣಾರೆ ನೋಡಿದ ಹೆಚ್ಚಿನವು ಸಣ್ಣ ಬ್ಯಾಟರಿ, ಮನೆ ಅರ್ಥಿಂಗ್ ಇಲ್ಲಾ ಸಾಫ್ಟ್‌ವೇರ್ ಸೆಟ್ಟಿಂಗಲ್ಲೇ ಮುಗಿದಿವೆ.

ಆಫ್ ಮಾಡೋಕೆ ಮುಂಚೆ ಫೋಟೋ

ವಾರ್ನಿಂಗ್ ಬಂದ ತಕ್ಷಣ ಎಲ್ಲರೂ ಮಾಡೋ ಕೆಲಸ ಅಂದ್ರೆ ಆಫ್ ಮಾಡಿ ಆನ್ ಮಾಡೋದು. ದಯವಿಟ್ಟು ಅದಕ್ಕೆ ಮುಂಚೆ ಕಾರು ಸೈಡಿಗೆ ಹಾಕಿ ಮೊಬೈಲಲ್ಲಿ ವಿಡಿಯೋ ಮಾಡಿ, ಡ್ಯಾಶ್‌ಬೋರ್ಡ್ ಪೂರ್ತಿ ಬರೋ ಹಾಗೆ, ಪರ್ಸೆಂಟೇಜು, ಕಿಲೋಮೀಟರು, ಟೈಮು ಕಾಣೋ ಹಾಗೆ. ಕೆಲವು ಎರರ್‌ಗಳು ರೀಸ್ಟಾರ್ಟ್ ಆದ ಮೇಲೆ ಪರದೆಯಿಂದ ಹೋಗಿಬಿಡುತ್ತೆ, 12 ವೋಲ್ಟ್ ಬ್ಯಾಟರಿ ಬಿಚ್ಚಿದ್ರಂತೂ ಕೆಲವು ಕಾರಲ್ಲಿ ಒಳಗಿನ ಮೆಮೊರಿಯಲ್ಲಿ ಇರೋ ವಿವರನೂ ಹೋಗುತ್ತೆ, ಆಮೇಲೆ ಸರ್ವಿಸ್‌ನವರಿಗೆ ತೋರಿಸೋಕೆ ಏನೂ ಉಳಿಯೋದಿಲ್ಲ. ಜೊತೆಗೆ ನಾಲ್ಕು ಸಾಲು ಬರೆದಿಟ್ಕೊಳ್ಳಿ: ಓಡ್ತಾ ಇತ್ತಾ ನಿಂತಿತ್ತಾ, ಮಳೆ ಬಿಸಿಲು ಹೇಗಿತ್ತು, ಕೊನೇ ಸಲ ಎಲ್ಲಿ ಚಾರ್ಜ್ ಹಾಕಿದ್ದು, ಇತ್ತೀಚೆಗೆ ಅಪ್‌ಡೇಟ್ ಏನಾದ್ರೂ ಬಂದಿತ್ತಾ, ಹೊಸದಾಗಿ ಏನಾದ್ರೂ ಫಿಟ್ ಮಾಡ್ಸಿದ್ರಾ. ಕೊನೇ ಪ್ರಶ್ನೆಗೆ ಜನ ಇಲ್ಲ ಅಂತಾರೆ, ಆಮೇಲೆ ನೋಡಿದ್ರೆ ಡ್ಯಾಶ್‌ಕ್ಯಾಮ್ ಇರುತ್ತೆ.

ಇನ್ನೊಂದು ರೂಲ್, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಬ್ಯಾಟರಿನೂ ಬದಲಾಯಿಸಿ ಅಪ್‌ಡೇಟೂ ಹಾಕಿಸಿ ಚಾರ್ಜರ್ರೂ ಬದಲಾಯಿಸಿ ಸರಿ ಹೋಯ್ತು ಅಂದ್ರೆ ಯಾವುದರಿಂದ ಸರಿ ಹೋಯ್ತು ಅಂತ ಗೊತ್ತಾಗಲ್ಲ, ಮತ್ತೆ ಬಂದಾಗ ಮೊದಲಿಂದ ಶುರು.

ಕಾರು ಪೂರ್ತಿ ಸತ್ತ ಹಾಗಿದ್ರೆ: ಸಣ್ಣ ಬ್ಯಾಟರಿ

ಅಷ್ಟು ದೊಡ್ಡ ಬ್ಯಾಟರಿ ಇದ್ದೂ ಕಾರು ಯಾಕೆ ಸಾಯುತ್ತೆ ಅಂತ ಎಲ್ಲರೂ ಕೇಳ್ತಾರೆ. ದೊಡ್ಡ ಪ್ಯಾಕಿಗೂ ಮೋಟರಿಗೂ ಮಧ್ಯೆ ಕಾಂಟ್ಯಾಕ್ಟರ್ ಅಂತ ದೊಡ್ಡ ಸ್ವಿಚ್‌ಗಳಿರುತ್ತೆ, ಸುರಕ್ಷತೆಗೆ ಅಂತ ಕಾರು ಆಫ್ ಇದ್ದಾಗ ಅವು ಬಿಟ್ಟೇ ಇರುತ್ತೆ. ಅವು ಕೂಡಬೇಕು ಅಂದ್ರೆ 12 ವೋಲ್ಟ್ ಬೇಕು. ಕಂಪ್ಯೂಟರ್‌ಗಳು, ಡೋರ್ ಲಾಕು, ಬ್ರೇಕಿನ ಕಂಟ್ರೋಲು ಎಲ್ಲಾ ನಡೆಯೋದು ಅದರಲ್ಲೇ. ಸಣ್ಣ ಬ್ಯಾಟರಿ ಸತ್ತರೆ ದೊಡ್ಡದು ಬೀಗ ಹಾಕಿದ ಕಣಜ ಇದ್ದ ಹಾಗೆ, ಒಳಗೆ ಭತ್ತ ಇದೆ, ಕೀ ಇಲ್ಲ. ನಮ್ಮ ಬೆಂಗಳೂರಿನ ರೇವಾ ಎಲೆಕ್ಟ್ರಿಕ್ ಕಾರು 2001ರಲ್ಲಿ ಬಂದಾಗ ಓಡ್ತಿದ್ದಿದ್ದೇ ಎಂಟು ಲೆಡ್ ಆಸಿಡ್ ಬ್ಯಾಟರಿ ಮೇಲೆ. ಈಗ ಓಡಿಸೋದೆಲ್ಲ ಲಿಥಿಯಂ ಆಯ್ತು, ಆದ್ರೂ ಎಷ್ಟೋ ಕಾರಲ್ಲಿ ಮೂಲೆಯಲ್ಲಿ ಆ ಹಳೇ ಲೆಡ್ ಆಸಿಡ್ ಒಂದು ಉಳ್ಕೊಂಡಿದೆ.

ಲಕ್ಷಣ ಏನಂದ್ರೆ, ಒಂದಕ್ಕೊಂದು ಸಂಬಂಧ ಇಲ್ಲದ ಐದಾರು ವಾರ್ನಿಂಗ್ ಒಟ್ಟಿಗೆ ಬರುತ್ತೆ. ನಿಜವಾಗ್ಲೂ ಎಬಿಎಸ್ಸೂ ಏರ್‌ಬ್ಯಾಗೂ ಸ್ಟಿಯರಿಂಗೂ ಒಂದೇ ಕ್ಷಣದಲ್ಲಿ ಕೆಡೋದು ಬಹಳ ಅಪರೂಪ, ಎಲ್ಲಕ್ಕೂ ಕರೆಂಟ್ ಕೊಡೋದು ಒಂದೇ ಆದ್ದರಿಂದ ಮೊದಲ ಅನುಮಾನ ಅಲ್ಲೇ ಹೋಗ್ಬೇಕು. ಸೆಂಟ್ರಲ್ ಲಾಕ್ ನಿಧಾನ ಆಗೋದು, ಆಪ್ ಕನೆಕ್ಟ್ ಆಗದೇ ಇರೋದು, ಟಕಟಕ ಅಂತ ರಿಲೇ ಶಬ್ದ, ಇವು ಕೆಲವು ದಿನ ಮುಂಚೆಯೇ ಶುರುವಾಗಿರುತ್ತೆ. ನನ್ನ ಕಾರಲ್ಲೂ ಆಗಿತ್ತು, ಆಪ್ ತೊಂದರೆ ಅಂದ್ಕೊಂಡು ಬಿಟ್ಟಿದ್ದೆ.

ಚೆಕ್ ಮಾಡೋಕೆ ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಕಾರು ಲಾಕ್ ಮಾಡಿ ನಾಲ್ಕೈದು ಗಂಟೆ ಬಿಟ್ಟು ನೋಡಿ, 12.6 ಹತ್ರ ಇದ್ರೆ ಫುಲ್, 12.2 ಅಂದ್ರೆ ಅರ್ಧ, 11.8ಕ್ಕಿಂತ ಕೆಳಗೆ ಅಂದ್ರೆ ಖಾಲಿ. 10.5, 10.9 ಅಂತ ಬಂದು ಎಷ್ಟು ಚಾರ್ಜ್ ಮಾಡಿದ್ರೂ ಮತ್ತೆ ಅಲ್ಲಿಗೇ ಇಳಿದ್ರೆ ಆರು ಸೆಲ್ಲಲ್ಲಿ ಒಂದು ಹೋಗಿದೆ ಅಂತ ಲೆಕ್ಕ, ಒಂದೊಂದು ಸೆಲ್ ಸುಮಾರು 2.1 ವೋಲ್ಟ್ ತಾನೆ. ಈಗ ಕಾರು ರೆಡಿ ಮಾಡಿ ಮತ್ತೆ ಅದೇ ಜಾಗದಲ್ಲಿ ಮೀಟರ್ ಇಡಿ. 13.5ರಿಂದ 14.5 ಒಳಗೆ ಬಂದ್ರೆ ದೊಡ್ಡ ಪ್ಯಾಕಿಂದ ಸಣ್ಣದನ್ನ ಚಾರ್ಜ್ ಮಾಡೋ ಡಿಸಿ ಡಿಸಿ ಕನ್ವರ್ಟರ್ ಕೆಲಸ ಮಾಡ್ತಿದೆ. ರೆಡಿಯಲ್ಲಿದ್ದೂ 12.3, 12.2 ಅಂತ ಇಳೀತಾ ಹೋದ್ರೆ ಬ್ಯಾಟರಿ ಬದಲಾಯಿಸಿ ಪ್ರಯೋಜನ ಇಲ್ಲ, ತೊಂದರೆ ಕನ್ವರ್ಟರ್ ಕಡೆ, ಹೊಸ ಬ್ಯಾಟರಿನೂ ಎರಡು ದಿನಕ್ಕೆ ಖಾಲಿ ಆಗುತ್ತೆ. ಇದು ಬರೀ ನನ್ನ ಊಹೆ ಅಲ್ಲ, 2024ರಲ್ಲಿ ಹ್ಯುಂಡೈ ಭಾರತದಲ್ಲಿ 1,744 ಅಯಾನಿಕ್ 5 ಕಾರುಗಳನ್ನ ರೀಕಾಲ್ ಮಾಡಿದ್ದು ಇಂಥದ್ದಕ್ಕೇ, ಐಸಿಸಿಯು ಅನ್ನೋ ಚಾರ್ಜಿಂಗ್ ಕಂಟ್ರೋಲ್ ಯೂನಿಟ್ ಕೆಟ್ಟರೆ 12 ವೋಲ್ಟ್ ಬ್ಯಾಟರಿ ಚಾರ್ಜ್ ಆಗದೆ ಇಳಿದು ಹೋಗಬಹುದು ಅಂತ. ನಿಮ್ಮ ಕಾರಿಗೆ ಅಂಥ ರೀಕಾಲ್ ಇದೆಯಾ ಅಂತ ಚಾಸಿ ನಂಬರ್ ಕೊಟ್ಟು ಕಂಪನಿಯಲ್ಲಿ ಕೇಳಿ, ಇದ್ರೆ ಕಾಸು ಖರ್ಚಿಲ್ಲದೆ ಆಗೋ ಕೆಲಸ.

ನನ್ನ ಕಾರಲ್ಲಿ ಕನ್ವರ್ಟರ್ ಚೆನ್ನಾಗಿತ್ತು, ಬ್ಯಾಟರಿ ಹೊಸದು, ಆದ್ರೂ ಇಳೀತಿತ್ತು. ಅಂದ್ರೆ ನಿಂತಾಗ ಯಾವುದೋ ಕರೆಂಟ್ ಕುಡೀತಿದೆ. ಇದನ್ನ ಹುಡುಕೋಕೆ ದಿನಾ ರಾತ್ರಿ ಹತ್ತಕ್ಕೆ ಮತ್ತೆ ಬೆಳಿಗ್ಗೆ ಆರಕ್ಕೆ ವೋಲ್ಟೇಜ್ ಬರೆದಿಟ್ಟೆ, ಕ್ಯಾಲೆಂಡರ್ ಮೇಲೇ, ಹಾಲಿನ ಲೆಕ್ಕದ ಪಕ್ಕದಲ್ಲಿ. ಒಂದು ವಾರ ಡ್ಯಾಶ್‌ಕ್ಯಾಮ್ ತೆಗೆದೆ, ವ್ಯತ್ಯಾಸ ಇಲ್ಲ. ಇನ್ನೊಂದು ವಾರ ಮೊಬೈಲಿನ ಆಪ್ ಲಾಗೌಟ್ ಮಾಡಿದೆ, ಸ್ವಲ್ಪ ಸುಧಾರಿಸ್ತು. ಕೊನೆಗೆ ಸ್ಟಿಯರಿಂಗ್ ಕೆಳಗೆ ಯಾವಾಗ್ಲೋ ಸಿಕ್ಕಿಸಿ ಮರೆತಿದ್ದ ಒಬಿಡಿ ಡಾಂಗಲ್ (ಕಾರಿನ ಒಳಗಿನ ಮಾಹಿತಿ ಮೊಬೈಲಿಗೆ ಕಳಿಸೋ ಪುಟ್ಟ ಪ್ಲಗ್) ತೆಗೆದೆ, ಆವತ್ತಿಂದ ಬೆಳಿಗ್ಗೆ 12.5ಕ್ಕಿಂತ ಕೆಳಗೆ ಬಂದೇ ಇಲ್ಲ. ಡಾಂಗಲ್ ತಾನೇ ಕುಡಿಯೋದು ಕಮ್ಮಿ, 50 ಮಿಲಿ ಆಂಪಿಯರ್ ಅಂದ್ರೆ ದಿನಕ್ಕೆ 1.2 ಆಂಪಿಯರ್ ಅವರ್ ಅಷ್ಟೆ. ಆದ್ರೆ ಅದು ಕೆಲವು ಕಾರುಗಳಲ್ಲಿ ಒಳಗಿನ ಕಂಪ್ಯೂಟರ್‌ಗಳಿಗೆ ನಿದ್ದೆ ಮಾಡೋಕೆ ಬಿಡಲ್ಲ, ಕಾರು ಎಚ್ಚರ ಇದ್ದು 2 ಆಂಪಿಯರ್ ಎಳೆದ್ರೆ 45 ಆಂಪಿಯರ್ ಅವರ್ ಬ್ಯಾಟರಿ ಇಪ್ಪತ್ತೆರಡು ಗಂಟೆಗೆ ತಳ ಕಾಣುತ್ತೆ. ಆಪಲ್ಲಿ ಗಂಟೆಗೊಂದ್ಸಲ ಚಾರ್ಜ್ ಎಷ್ಟಾಯ್ತು ಅಂತ ನೋಡೋರಿಗೂ ಇದೇ ಮಾತು, ಪ್ರತಿ ಸಲ ಕಾರನ್ನ ಎಬ್ಬಿಸ್ತಿದೀರಿ.

ಜಂಪ್ ಕೊಡುವಾಗ ಪ್ಲಸ್ ಮೈನಸ್ ಎರಡು ಸಲ ನೋಡಿ, ಉಲ್ಟಾ ಹಾಕಿದ್ರೆ ಸಾವಿರದ ಕೆಲಸ ಲಕ್ಷಕ್ಕೆ ಹೋಗುತ್ತೆ. ಇನ್ನೊಬ್ಬರ ಪೆಟ್ರೋಲ್ ಕಾರಿಗೆ ನಿಮ್ಮ ಇವಿಯಿಂದ ಜಂಪ್ ಕೊಡೋಕೆ ಹೋಗ್ಬೇಡಿ, ಬಹಳಷ್ಟು ಮ್ಯಾನ್ಯುಯಲ್‌ಗಳಲ್ಲಿ ಬೇಡ ಅಂತಾನೇ ಬರೆದಿರುತ್ತೆ.

ಮನೇಲಿ ಚಾರ್ಜ್ ಆಗ್ತಿಲ್ಲ

ಇಲ್ಲಿ ಮೊದ್ಲು ಒಂದು ಪುಟ್ಟ ವಿಷ್ಯ, ಚಾರ್ಜಿಂಗ್ ಟೈಮರ್ ಆನ್ ಆಗಿದೆಯಾ ನೋಡಿ. ಅಪ್‌ಡೇಟ್ ಆದ ಮೇಲೆ ಇಲ್ಲಾ ಮಕ್ಕಳು ಸ್ಕ್ರೀನ್ ಒತ್ತಿದಾಗ ರಾತ್ರಿ ಹನ್ನೊಂದಕ್ಕೆ ಶುರು ಅಂತ ಸೆಟ್ ಆಗಿರುತ್ತೆ, ಸಂಜೆ ಏಳಕ್ಕೆ ಗನ್ (ಕಾರಿಗೆ ಸಿಕ್ಕಿಸೋ ಚಾರ್ಜರ್ ಹಿಡಿ) ಹಾಕಿ ಚಾರ್ಜ್ ಆಗ್ತಿಲ್ಲ ಅಂತ ಗೋಳಾಡ್ತಾ ಇರ್ತೀವಿ. ನನ್ನ ಸ್ನೇಹಿತರೊಬ್ಬರು ಇದಕ್ಕೇ ಎರಡು ಸಲ ಸರ್ವಿಸ್‌ಗೆ ಹೋಗಿ ಬಂದಿದ್ರು.

ಅದಲ್ಲ ಅಂದ್ರೆ ಅರ್ಥಿಂಗ್. ಕಾರಿನ ಜೊತೆ ಬರೋ ಪೋರ್ಟಬಲ್ ಚಾರ್ಜರ್ ಕರೆಂಟ್ ಬಿಡೋಕೆ ಮುಂಚೆ ಅರ್ಥ್ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡುತ್ತೆ, ಸರಿ ಇಲ್ಲ ಅಂದ್ರೆ ಕೆಂಪು ಲೈಟ್ ಹಾಕಿ ಸುಮ್ಮನಾಗುತ್ತೆ. ಗೀಸರ್, ಮಿಕ್ಸಿ ಎಲ್ಲಾ ಅದೇ ಮನೇಲಿ ಚೆನ್ನಾಗೇ ನಡೀತಿರುತ್ತೆ, ಅವು ಅರ್ಥ್ ಇದೆಯಾ ಅಂತ ಕೇಳೋದೇ ಇಲ್ಲ, ಹಾಗಾಗಿ ಜನ ಚಾರ್ಜರ್ ಕೆಟ್ಟಿದೆ ಅಂದ್ಕೋತಾರೆ. ಎಲೆಕ್ಟ್ರಿಷಿಯನ್ ಕರೆಸಿ ಆ ಪವರ್ ಪ್ಲಗ್ಗಲ್ಲಿ ಮೂರು ಅಳತೆ ತೆಗೆಸಿ. ಫೇಸ್ ನ್ಯೂಟ್ರಲ್ ಮಧ್ಯೆ 230 ಹತ್ರ, ಫೇಸ್ ಅರ್ಥ್ ಮಧ್ಯೆನೂ ಹೆಚ್ಚು ಕಮ್ಮಿ ಅಷ್ಟೇ, ನ್ಯೂಟ್ರಲ್ ಅರ್ಥ್ ಮಧ್ಯೆ ಎರಡು ಮೂರು ವೋಲ್ಟ್ ಒಳಗೆ ಇರ್ಬೇಕು. ಫೇಸ್ ಅರ್ಥ್ ಮಧ್ಯೆ 110, 80 ಅಂತ ಓಲಾಡ್ತಿದ್ರೆ ಅರ್ಥ್ ವೈರ್ ಎಲ್ಲೋ ಕಿತ್ತಿದೆ ಇಲ್ಲಾ ಅರ್ಥ್ ಪೈಪ್ ಇಳಿಸಿದ ಗುಂಡಿ ಒಣಗಿದೆ. ನ್ಯೂಟ್ರಲ್ ಅರ್ಥ್ ಮಧ್ಯೆ ಹತ್ತು ಹದಿನೈದು ವೋಲ್ಟ್ ಬಂದ್ರೆ ಅರ್ಥೇ ಕೆಟ್ಟಿರಬಹುದು ಇಲ್ಲಾ ನ್ಯೂಟ್ರಲ್ ಜಾಯಿಂಟ್ ಲೂಸ್ ಇರಬಹುದು, ಅದು ಮೀಟರ್ ಬೋರ್ಡಲ್ಲೋ ಕಂಬದಲ್ಲೋ ಅಂತ ನೋಡಿಸ್ಬೇಕು.

ನಮ್ಮ ಮನೇಲಿ ಏನಾಗಿತ್ತು ಅಂತ ಹೇಳ್ತೀನಿ. ಮಾರ್ಚ್ ತಿಂಗಳು ಬಂತು ಅಂದ್ರೆ ಕೆಂಪು ಲೈಟು, ಮಳೆಗಾಲದಲ್ಲಿ ಏನೂ ಇಲ್ಲ. ಎಲೆಕ್ಟ್ರಿಷಿಯನ್ ಬಂದು ಹಿತ್ತಲಲ್ಲಿ ಅರ್ಥ್ ಪೈಪ್ ಹತ್ರ ಕೂತು ಮಣ್ಣು ಕೆದಕಿದ್ರು, ಧೂಳಿನ ಥರ ಉದುರ್ತಿತ್ತು. "ಸಾರ್, ಎರಡು ಕೊಡ ನೀರು ತನ್ನಿ ಮೊದ್ಲು" ಅಂದ್ರು. ನೀರು ಹುಯ್ದು ಹತ್ತು ನಿಮಿಷ ಬಿಟ್ಟು ಅಳೆದ್ರೆ ನ್ಯೂಟ್ರಲ್ ಅರ್ಥ್ 14 ಇದ್ದಿದ್ದು 5ಕ್ಕೆ ಬಂತು. ಆಮೇಲೆ ಪೈಪಿನ ತಲೆಗೆ ವೈರ್ ಕಟ್ಟಿದ್ದ ಬೋಲ್ಟ್ ಬಿಚ್ಚಿ ತೋರಿಸಿದ್ರು, ಹಸಿರು ಕಿಲುಬು ಹಿಡಿದು ವೈರ್ ಬರೀ ಎರಡೆಳೆ ಅಂಟ್ಕೊಂಡಿತ್ತು. ಉಜ್ಜಿ ಹೊಸ ಲಗ್ ಹಾಕಿ, ಗುಂಡಿಗೆ ಇದ್ದಿಲು ಉಪ್ಪು ತುಂಬಿಸಿದ ಮೇಲೆ 1.5. ಈಗ ಬೇಸಿಗೇಲಿ ವಾರಕ್ಕೊಂದು ಕೊಡ ನೀರು ಅಲ್ಲಿಗೆ, ತುಳಸಿ ಗಿಡಕ್ಕೆ ಹಾಕುವಾಗ ಅಮ್ಮನೇ ಹಾಕ್ತಾರೆ.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳ್ಬೇಕು. ಕೆಂಪು ಲೈಟ್ ಹೋಗ್ಲಿ ಅಂತ ಪ್ಲಗ್ ಒಳಗೆ ನ್ಯೂಟ್ರಲ್ಲಿಗೂ ಅರ್ಥಿಗೂ ಒಂದು ತುಂಡು ವೈರ್ ಸೇರಿಸಿಬಿಡ್ತಾರೆ, ಪ್ರಯಾಣಕ್ಕೆ ಅಂತ ಅಂಥ ಅಡಾಪ್ಟರ್ ಮಾಡಿ ಕೊಡೋರೂ ಇದಾರೆ. ಚಾರ್ಜರ್ ಮೋಸ ಹೋಗುತ್ತೆ, ಚಾರ್ಜ್ ಶುರುವಾಗುತ್ತೆ, ಎಲ್ಲಾ ಚೆನ್ನಾಗಿದೆ ಅನ್ಸುತ್ತೆ. ಒಂದು ದಿನ ಆ ಲೈನಿನ ನ್ಯೂಟ್ರಲ್ ಕಿತ್ತರೆ ಆ ತುಂಡು ವೈರ್ ಮೂಲಕ ಕಾರಿನ ಬಾಡಿಗೇ 230 ವೋಲ್ಟ್ ಬಂದು ಕೂರುತ್ತೆ, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಡೋರ್ ಮುಟ್ಟಿದ ಮಗು ಗತಿ ಏನು ಯೋಚನೆ ಮಾಡಿ. ನಿಮ್ಮನೇಲಿ ಹಾಗೆ ಮಾಡಿದ್ರೆ ಇವತ್ತೇ ತೆಗೆಸಿ.

ಇನ್ನು ಚಾರ್ಜ್ ಶುರುವಾಗಿ ಅರ್ಧಕ್ಕೆ ನಿಲ್ಲೋದು. ಇದಕ್ಕೆ ಹೆಚ್ಚಿನ ಸಲ ಕಾರಣ ಬಿಸಿ. ಮಿಕ್ಸಿ ಐದು ನಿಮಿಷ ಓಡುತ್ತೆ, ಗೀಸರ್ ಅರ್ಧ ಗಂಟೆ, ಕಾರು ಎಂಟು ಹತ್ತು ಗಂಟೆ ಒಂದೇ ಸಮನೆ 13 ಆಂಪಿಯರ್ ಎಳೆಯುತ್ತೆ, ಸಾದಾ ಪ್ಲಗ್ ಆ ಕೆಲಸಕ್ಕೆ ಹುಟ್ಟಿದ್ದಲ್ಲ. ಚಾರ್ಜ್ ಹಾಕಿ ಒಂದು ಗಂಟೆ ಆದ ಮೇಲೆ ಪ್ಲಗ್ ಮೇಲೆ ಕೈ ಇಟ್ಟು ನೋಡಿ, ಬೆಚ್ಚಗಿದ್ರೆ ಪರವಾಗಿಲ್ಲ, ಕೈ ಇಡೋಕೆ ಆಗಲ್ಲ ಅಂದ್ರೆ ತಕ್ಷಣ ಬೋರ್ಡಿನ ಎಂಸಿಬಿ ಸ್ವಿಚ್ ಇಳಿಸಿ ಆಮೇಲೆ ಪ್ಲಗ್ ತೆಗೀರಿ. ಪಿನ್ ಕಂದು ಬಣ್ಣಕ್ಕೆ ತಿರುಗಿದ್ರೆ, ಸುಟ್ಟ ಬೇಕಲೈಟ್ ವಾಸನೆ ಬಂದ್ರೆ ಆ ಸಾಕೆಟ್ ಬಿಸಾಕಿ. ಇದನ್ನ ಮೀಟರಲ್ಲೂ ಹಿಡೀಬಹುದು. ನಮ್ಮಲ್ಲಿ ಚಾರ್ಜ್ ಹಾಕದಿದ್ದಾಗ 232, ಹಾಕಿದ ಮೇಲೆ 204 ಬರ್ತಿತ್ತು. ಆ 28 ವೋಲ್ಟ್ ಎಲ್ಲಿ ಹೋಯ್ತು? 13 ಆಂಪಿಯರಿಂದ ಗುಣಿಸಿದ್ರೆ 360 ವ್ಯಾಟ್ ಚಿಲ್ಲರೆ, ಅಷ್ಟು ಶಾಖ ರಾತ್ರಿ ಪೂರ್ತಿ ನಮ್ಮ ಗೋಡೆ ಒಳಗಿನ ವೈರಲ್ಲಿ, ಜಾಯಿಂಟಲ್ಲಿ ಉರೀತಿತ್ತು. ಮೀಟರ್ ಬೋರ್ಡಿಂದ ನೇರವಾಗಿ 4 ಸ್ಕ್ವೇರ್ ಎಂಎಂ ತಾಮ್ರದ ಪ್ರತ್ಯೇಕ ಲೈನ್ ಎಳೆಸಿ, ಅದಕ್ಕೇ ಬೇರೆ ಎಂಸಿಬಿ, ಕರೆಂಟ್ ಸೋರಿದ್ರೆ ಲೈನ್ ಕಟ್ ಮಾಡೋ ಆರ್‌ಸಿಸಿಬಿ ಹಾಕಿಸಿದ ಮೇಲೆ 226ಕ್ಕಿಂತ ಕೆಳಗೆ ಇಳಿಯಲ್ಲ.

ಆರ್‌ಸಿಸಿಬಿ ಟ್ರಿಪ್ ಆಗ್ತಿದ್ರೆ ಬಿಡಿಸಿ ನೋಡಿ. ಕಾರಿಗೆ ಗನ್ ಹಾಕದೆ ಚಾರ್ಜರ್ ಮಾತ್ರ ಪ್ಲಗ್ಗಿಗೆ ಹಾಕಿ, ಆಗ್ಲೇ ಬಿದ್ರೆ ಚಾರ್ಜರ್ ಇಲ್ಲಾ ಮನೆ ವೈರಿಂಗ್. ಗನ್ ಹಾಕಿದ ಮೇಲೆ ಬಿದ್ರೆ ಇನ್ನೊಬ್ಬರ ಚಾರ್ಜರ್ ತಂದು ಅದೇ ಪ್ಲಗ್ಗಲ್ಲಿ ನೋಡಿ, ಆಗ್ಲೂ ಬಿದ್ರೆ ಕಾರನ್ನ ಬೇರೆ ಮನೆಗೆ ತಗೊಂಡು ಹೋಗಿ ನೋಡಿ. ಅಲ್ಲೂ ಬಿದ್ರೆ ಮಾತ್ರ ಕಾರಿನ ಒಳಗಿನ ಚಾರ್ಜರ್ ಮೇಲೆ ಅನುಮಾನ ಪಡಿ. ಜನರೇಟರಲ್ಲಿ, ಮನೆ ಯುಪಿಎಸ್ಸಲ್ಲಿ ಚಾರ್ಜ್ ಆಗ್ತಿಲ್ಲ ಅಂದ್ರೆ ಅದು ದೋಷ ಅಲ್ಲ, ಅವುಗಳ ನ್ಯೂಟ್ರಲ್ ಅರ್ಥಿಗೆ ಸೇರಿರಲ್ಲ, ಚಾರ್ಜರ್ ಒಪ್ಪಲ್ಲ.

ರೋಡಲ್ಲಿ ಫಾಸ್ಟ್ ಚಾರ್ಜರ್ ಹತ್ರ

ಗನ್ ಹಾಕಿದ ಮೇಲೆ ಕಾರೂ ಚಾರ್ಜರ್ರೂ ಮಾತಾಡ್ಕೋಬೇಕು, ಎಷ್ಟು ವೋಲ್ಟೇಜ್ ಬೇಕು, ಎಷ್ಟು ಕರೆಂಟ್ ಬೇಕು ಅಂತ, ಆಮೇಲೆ ಎಲ್ಲೂ ಕರೆಂಟ್ ಸೋರ್ತಿಲ್ಲ ಅಂತ ನೋಡೋ ಇನ್ಸುಲೇಷನ್ ಟೆಸ್ಟ್, ಆಮೇಲೆ ಕಾಂಟ್ಯಾಕ್ಟರ್ ಕೂಡೋದು. ಫಾಸ್ಟ್ ಚಾರ್ಜರಿನ ಸಿಸಿಎಸ್2 ಅನ್ನೋ ಮಾದರಿ ಗನ್ನಲ್ಲಿ ಆ ಮಾತುಕತೆ ನಡೆಯೋದು ಮೇಲಿನ ಸಣ್ಣ ಪಿನ್ನುಗಳಲ್ಲಿ, ಕೇಬಲ್ ಭಾರಕ್ಕೆ ಗನ್ ಕೆಳಗೆ ಜೋತು ಬಿದ್ರೆ ಆ ಪಿನ್ ಸರಿಯಾಗಿ ಕೂರಲ್ಲ. ಅದಕ್ಕೇ ಫೇಲ್ ಅಂದ ತಕ್ಷಣ ಗನ್ ತೆಗೆದು, ಪಿನ್ನಲ್ಲಿ ನೀರು ಮಣ್ಣು ಇದೆಯಾ ನೋಡಿ, ಮತ್ತೆ ಹಾಕುವಾಗ ಹಿಡಿಯನ್ನ ಕೈಯಿಂದ ಎತ್ತಿ ಹಿಡ್ಕೊಂಡು ಲಾಕ್ ಕಟ್ ಅನ್ನೋ ತನಕ ಒತ್ತಿ. ನಾನು ಹೀಗೆ ಎತ್ತಿ ಹಿಡಿದು ಶುರು ಮಾಡಿಸಿದ್ದು ಎಷ್ಟು ಸಲ ಅಂತ ಲೆಕ್ಕ ಇಲ್ಲ. ಆಗ್ಲಿಲ್ಲ ಅಂದ್ರೆ ಕಾರು ಲಾಕ್ ಮಾಡಿ ಐದು ನಿಮಿಷ ಬಿಟ್ಟು ಇನ್ನೊಂದು ಗನ್ ನೋಡಿ.

ಯಾರದ್ದು ತಪ್ಪು ಅಂತ ತೀರ್ಮಾನಿಸೋಕೆ ಅದಲು ಬದಲು ಬಿಟ್ಟು ಬೇರೆ ದಾರಿ ಇಲ್ಲ. ಅದೇ ಗನ್ನಲ್ಲಿ ಬೇರೆ ಕಾರು ಚಾರ್ಜ್ ಆಗ್ತಿದೆಯಾ, ನಿಮ್ಮ ಕಾರು ಬೇರೆ ಕಂಪನಿ ಚಾರ್ಜರಲ್ಲಿ ಆಗ್ತಿದೆಯಾ. ಮೂರು ಬೇರೆ ಬೇರೆ ಜಾಗದಲ್ಲಿ ನಿಮ್ಮ ಕಾರೇ ಫೇಲ್ ಆದ್ರೆ ಕಾರಿನದ್ದು. ಚಾರ್ಜರ್ ಸ್ಕ್ರೀನಿನ ಎರರ್ ನಂಬರ್ ಫೋಟೋ ತೆಗೆಯೋದು ಮರೀಬೇಡಿ.

ನಿಧಾನ ಚಾರ್ಜ್ ಆಗ್ತಿದೆ ಅನ್ನೋದು ಬೇರೆ ದೂರು. 60 ಕಿಲೋವ್ಯಾಟ್ ಬೋರ್ಡ್ ಇದ್ರೂ ಪಕ್ಕದ ಗನ್ನಲ್ಲಿ ಇನ್ನೊಂದು ಕಾರಿದ್ರೆ ಬಹಳ ಕಡೆ 30, 30 ಹಂಚಿಹೋಗುತ್ತೆ. 80 ಪರ್ಸೆಂಟ್ ಆದ ಮೇಲೆ ಕಾರೇ ಕಮ್ಮಿ ಮಾಡುತ್ತೆ. ಘಾಟಿ ಹತ್ತಿ ಬಂದು ಬ್ಯಾಟರಿ ಕಾದಿದ್ರೂ ಕಮ್ಮಿ ಮಾಡುತ್ತೆ. ಇವು ಮೂರೂ ದೋಷ ಅಲ್ಲ.

ಪರ್ಸೆಂಟೇಜ್ ದಿಢೀರ್ ಇಳಿದ್ರೆ

18 ತೋರಿಸ್ತಿದ್ದಿದ್ದು ಎರಡು ಕಿಲೋಮೀಟರಲ್ಲಿ 4 ಆಯ್ತು, ಕಾರು ತೆವಳೋ ಮೋಡಿಗೆ ಹೋಯ್ತು ಅಂತ ಫೋನ್ ಬಂದ್ರೆ ನಾನು ಮೊದ್ಲು ಕೇಳೋದು ಪ್ಯಾಕ್ ಯಾವ ಕೆಮಿಸ್ಟ್ರಿ, ಕೊನೇ ಸಲ ನಿಧಾನ ಚಾರ್ಜಲ್ಲಿ 100 ಮಾಡಿದ್ದು ಯಾವಾಗ ಅಂತ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ಲಿನ ವೋಲ್ಟೇಜ್ ಮಧ್ಯದಲ್ಲೆಲ್ಲ 3.2, 3.3ರ ಸುತ್ತಲೇ ಇರುತ್ತೆ, ವೋಲ್ಟೇಜ್ ನೋಡಿ ಅರ್ಧ ಇದೆಯಾ ಕಾಲು ಇದೆಯಾ ಹೇಳೋಕಾಗಲ್ಲ. ಅದಕ್ಕೆ ಪ್ಯಾಕ್ ನೋಡಿಕೊಳ್ಳೋ ಕಂಪ್ಯೂಟರ್, ಅಂದ್ರೆ ಬಿಎಂಎಸ್, ಒಳಗೆ ಬಂದ ಕರೆಂಟ್ ಹೊರಗೆ ಹೋದ ಕರೆಂಟ್ ಕೂಡಿ ಕಳೆದು ಲೆಕ್ಕ ಇಟ್ಕೊಂಡಿರುತ್ತೆ, ದಿನ ಕಳೆದ ಹಾಗೆ ಲೆಕ್ಕ ತಪ್ಪುತ್ತಾ ಹೋಗುತ್ತೆ. ಮನೇಲಿ ನಿಧಾನವಾಗಿ 100 ತನಕ ಚಾರ್ಜ್ ಮಾಡಿ, 100 ತೋರಿಸಿದ ಮೇಲೂ ಒಂದೆರಡು ಗಂಟೆ ಬಿಟ್ರೆ ಲೆಕ್ಕನೂ ಸರಿ ಹೋಗುತ್ತೆ, ಸೆಲ್‌ಗಳೂ ಸಮ ಆಗುತ್ತೆ. ಬರೀ ಹೈವೇ ಚಾರ್ಜರಲ್ಲಿ 20ರಿಂದ 80, 20ರಿಂದ 80 ಅಂತ ತಿಂಗಳುಗಟ್ಟಲೆ ಓಡಿಸೋ ಟ್ಯಾಕ್ಸಿಯವರಿಗೆ ಈ ತೊಂದರೆ ಜಾಸ್ತಿ. ಎನ್‌ಎಂಸಿ (ನಿಕಲ್ ಮ್ಯಾಂಗನೀಸ್ ಕೋಬಾಲ್ಟ್) ಪ್ಯಾಕ್ ಇದ್ರೆ ದಿನಾ 100 ಮಾಡೋದು ಒಳ್ಳೇದಲ್ಲ, ನಿಮ್ಮ ಮ್ಯಾನ್ಯುಯಲ್ ಏನು ಹೇಳುತ್ತೋ ಅದನ್ನ ನೋಡಿ.

ಎರಡು ಮೂರು ಸಲ ಹೀಗೆ ಮಾಡಿದ್ರೂ ಅದೇ ಜಾಗದಲ್ಲಿ ಕುಸಿದ್ರೆ ಡಾಂಗಲ್ ಹಾಕಿ ಅತಿ ಹೆಚ್ಚು ಅತಿ ಕಮ್ಮಿ ಸೆಲ್ ವೋಲ್ಟೇಜ್ ನೋಡಿ, ಚಾರ್ಜ್ ಕಮ್ಮಿ ಇದ್ದಾಗ ಆಕ್ಸಿಲರೇಟರ್ ಒತ್ತುವಾಗ ಒಂದೇ ನಂಬರಿನ ಸೆಲ್ ಪ್ರತಿ ಸಲ ಕೆಳಗೆ ಬೀಳ್ತಿದ್ರೆ ಅದು ನಿಜವಾದ ದೋಷ. ಸ್ಕ್ರೀನ್‌ಶಾಟ್ ತೆಗೆದು ವಾರಂಟಿಗೆ ಹೋಗಿ. ನೋಡಿ ಆದ ಮೇಲೆ ಡಾಂಗಲ್ ತೆಗೀರಿ.

ಸಾಫ್ಟ್‌ವೇರ್

ಎರಡು ಬೇರೆ ಬೇರೆ ಸಾಫ್ಟ್‌ವೇರ್ ಇರುತ್ತೆ ಅನ್ನೋದು ತಲೇಲಿ ಇರ್ಲಿ. ಮಧ್ಯದ ಸ್ಕ್ರೀನಿಂದು ಒಂದು, ಕಾರನ್ನ ಓಡಿಸೋ ಕಂಟ್ರೋಲರ್‌ಗಳದ್ದು ಇನ್ನೊಂದು. ಹಾಡು ನಿಂತ್ರೆ, ಕ್ಯಾಮೆರಾ ಬರ್ದಿದ್ರೆ ಸ್ಕ್ರೀನ್ ಮಾತ್ರ ರೀಬೂಟ್ ಮಾಡೋ ದಾರಿ ಮ್ಯಾನ್ಯುಯಲಲ್ಲಿ ಇರುತ್ತೆ, ಅದರಿಂದ ಮೋಟರ್ ಕಂಟ್ರೋಲ್ ಮುಟ್ಟಿದ ಹಾಗೆ ಆಗಲ್ಲ. ಆದ್ರೆ ಸ್ಕ್ರೀನ್ ಪದೇ ಪದೇ ಸಾಯ್ತಿದ್ರೆ ಅದನ್ನ ಬರೀ ಸಾಫ್ಟ್‌ವೇರ್ ಅಂತ ಬಿಡ್ಬೇಡಿ. 2021ರಲ್ಲಿ ಟೆಸ್ಲಾ ಅಮೆರಿಕದಲ್ಲಿ ಸುಮಾರು 1 ಲಕ್ಷದ 35 ಸಾವಿರ ಮಾಡೆಲ್ ಎಸ್, ಮಾಡೆಲ್ ಎಕ್ಸ್ ಕಾರುಗಳನ್ನ ರೀಕಾಲ್ ಮಾಡ್ಬೇಕಾಯ್ತು, ಸ್ಕ್ರೀನ್ ಕಂಪ್ಯೂಟರಿನ 8 ಜಿಬಿ ಮೆಮೊರಿ ಚಿಪ್ ಬರೆದೂ ಅಳಿಸೀ ಸವೆದು ಹೋಗ್ತಿತ್ತು, ಹಿಂದಿನ ಕ್ಯಾಮೆರಾನೂ ಗ್ಲಾಸಿನ ಮಂಜು ತೆಗೆಯೋ ಕಂಟ್ರೋಲೂ ಜೊತೆಗೇ ಹೋಗ್ತಿತ್ತು.

ಇನ್ನೊಂದು ದೊಡ್ಡ ಪಾಠ ಷೆವರ್ಲೆ ಬೋಲ್ಟ್ ಕಾರಿಂದು. ಬೆಂಕಿ ಪ್ರಕರಣ ಬಂದ ಮೇಲೆ ಆ ಕಾರು ಮಾಡೋ ಜನರಲ್ ಮೋಟರ್ಸ್ 2020ರ ನವೆಂಬರಲ್ಲಿ 90 ಪರ್ಸೆಂಟಿಗೇ ಚಾರ್ಜ್ ನಿಲ್ಲಿಸೋ ಹಾಗೆ ಮಾಡಿತು, ಆಮೇಲೆ ಸಾಫ್ಟ್‌ವೇರ್ ಪರಿಹಾರ ಕೊಡ್ತು, ಆದ್ರೆ ತೊಂದರೆ ಇದ್ದಿದ್ದು ಸೆಲ್ ಒಳಗೆ, ಹರಿದ ಆನೋಡ್ ಟ್ಯಾಬು ಮತ್ತೆ ಮಡಚಿದ ಸೆಪರೇಟರ್ರು. ಕೊನೆಗೆ 2021ರ ಆಗಸ್ಟಲ್ಲಿ ರೀಕಾಲನ್ನ ಎಲ್ಲಾ ಬೋಲ್ಟ್ ಕಾರುಗಳಿಗೂ ವಿಸ್ತರಿಸ್ಬೇಕಾಯ್ತು, ಪರಿಹಾರ ಅಂತ ಬ್ಯಾಟರಿ ಮಾಡ್ಯೂಲೇ ಬದಲಾಯಿಸೋಕೆ ಇಳಿದ್ರು. ಹಾಗಾಗಿ ದೂರು ಹೇಳಿದ ಪ್ರತಿ ಸಲ "ಅಪ್‌ಡೇಟ್ ಹಾಕಿದೀವಿ ಸರ್, ನೋಡಿ" ಅಂತ ಕಾರು ಕೊಟ್ರೆ, ಅಪ್‌ಡೇಟಲ್ಲಿ ಏನು ಬದಲಾಯ್ತು, ನನ್ನ ದೂರಿಗೂ ಅದಕ್ಕೂ ಏನು ಸಂಬಂಧ ಅಂತ ಕೇಳೋ ಹಕ್ಕು ನಮಗಿದೆ, ಕೇಳ್ಲೇಬೇಕು.

ಅಪ್‌ಡೇಟ್ ಹಾಕೋ ಮುಂಚೆ ವರ್ಷನ್ ನಂಬರ್ ಫೋಟೋ ತೆಗೀರಿ, 12 ವೋಲ್ಟ್ ಬ್ಯಾಟರಿ ಚೆನ್ನಾಗಿದೆ ಅಂತ ಖಾತ್ರಿ ಮಾಡ್ಕೊಳ್ಳಿ, ಅದು ಮಧ್ಯದಲ್ಲಿ ಇಳಿದ್ರೆ ಅಪ್‌ಡೇಟ್ ಅರ್ಧಕ್ಕೆ ನಿಂತು ಕಾರು ಏಳದೇ ಇರಬಹುದು. ನಾಳೆ ಬೆಳಿಗ್ಗೆ ಮದುವೆಗೆ ಹೊರಡ್ಬೇಕು ಅಂದ್ರೆ ಇವತ್ತು ರಾತ್ರಿ ಹಾಕ್ಬೇಡಿ. ಆದ ಮೇಲೆ ಟೈಮರ್, ಚಾರ್ಜ್ ಲಿಮಿಟ್, ರೀಜನ್ ಲೆವೆಲ್ (ಕಾಲು ಎತ್ತಿದಾಗ ಮೋಟರ್ ಎಷ್ಟು ಬ್ರೇಕ್ ಹಿಡಿದು ವಾಪಸ್ ಚಾರ್ಜ್ ಮಾಡ್ಬೇಕು ಅನ್ನೋದು) ಮೂರನ್ನೂ ಮತ್ತೆ ನೋಡಿ.

ಇವು ಬಂದ್ರೆ ಮುಟ್ಟಬೇಡಿ

ಕಿತ್ತಳೆ ಬಣ್ಣದ ಕೇಬಲ್ ಎಲ್ಲಾ ಹೈ ವೋಲ್ಟೇಜ್, ಅದರ ಹತ್ರ ಸ್ಪ್ಯಾನರ್ ತಗೊಂಡು ಹೋಗೋ ಹಾಗಿಲ್ಲ. ಮಲೆನಾಡಲ್ಲಿ ಭತ್ತ ಮನೆಗೆ ಬಂದ ಕಾಲದಲ್ಲಿ ಇಲಿ ಬಾನೆಟ್ ಒಳಗೆ ಸೇರಿ ವೈರ್ ಕಡಿಯುತ್ತೆ, ಕಿತ್ತಳೆ ಕೇಬಲ್ ಮೇಲೆ ಹಲ್ಲಿನ ಗುರುತು ಕಂಡ್ರೆ ಟೇಪ್ ಸುತ್ತೋಕೆ ಹೋಗ್ಬೇಡಿ, ಬಾನೆಟ್ ಮುಚ್ಚಿ ಸರ್ವಿಸ್‌ನವರನ್ನ ಕರೀರಿ. ಇನ್ಸುಲೇಷನ್ ಅಥವಾ ಐಸೊಲೇಷನ್ ಫಾಲ್ಟ್, ಅಂದ್ರೆ ಹೈ ವೋಲ್ಟೇಜ್ ಎಲ್ಲೋ ಬಾಡಿಗೆ ಸೋರ್ತಿದೆ ಅಂತ ಬಂದ್ರೂ ಅಷ್ಟೆ, ವಾಟರ್ ವಾಶ್ ಆದ ಮೇಲೆ ಬಂದು ಒಣಗಿದ ಮೇಲೆ ಹೋದ್ರೂ ನೀರು ಎಲ್ಲಿಂದ ಒಳಗೆ ಹೋಯ್ತು ಅಂತ ನೋಡಿಸ್ಬೇಕು. ಸುಟ್ಟ ವಾಸನೆ, ಹೊಗೆ, ಕೆಳಗಿಂದ ಬುಸ್ ಅನ್ನೋ ಶಬ್ದ ಬಂದ್ರೆ ಎಲ್ಲರನ್ನೂ ಇಳಿಸಿ ದೂರ ಹೋಗಿ, ಸಾಮಾನಿಗೆ ಅಂತ ವಾಪಸ್ ಬರ್ಬೇಡಿ. ಎಳೆಸೋದಾದ್ರೆ ನಾಲ್ಕು ಚಕ್ರನೂ ನೆಲ ಬಿಟ್ಟು ಫ್ಲಾಟ್‌ಬೆಡ್ ಮೇಲೇ, ಹಗ್ಗ ಕಟ್ಟಿ ಎಳೆದ್ರೆ ಚಕ್ರದ ಜೊತೆ ಮೋಟರ್ ತಿರುಗಿ ತಾನೇ ಕರೆಂಟ್ ಹುಟ್ಟಿಸುತ್ತೆ.

ಜಾಬ್ ಕಾರ್ಡ್

"ಚಾರ್ಜಿಂಗ್ ಪ್ರಾಬ್ಲಂ" ಅಂತ ಎರಡೇ ಪದ ಬರೆದ ಜಾಬ್ ಕಾರ್ಡಿಗೆ ಸಹಿ ಹಾಕ್ಬೇಡಿ. ನಾನು ಈಗ ಬರೆಸೋದು ಹೀಗೆ: "ಮೂರು ಬೇರೆ ಚಾರ್ಜರಲ್ಲಿ ಗನ್ ಹಾಕಿದ ನಲವತ್ತು ಸೆಕೆಂಡಿಗೆ ಡಿಸಿ ಚಾರ್ಜಿಂಗ್ ನಿಲ್ಲುತ್ತೆ, ಎಸಿ ಚಾರ್ಜಿಂಗ್ ಸರಿ ಇದೆ, ಮೂರೂ ಸಲದ ಫೋಟೋ ಕೊಟ್ಟಿದೆ, ಕೋಡ್ ಅಳಿಸೋ ಮುಂಚೆ ಪ್ರಿಂಟ್ ಕೊಡಿ." ಡಿಸಿ ಅಂದ್ರೆ ರೋಡಿನ ಫಾಸ್ಟ್ ಚಾರ್ಜರ್, ಎಸಿ ಅಂದ್ರೆ ಮನೆ ಚಾರ್ಜಿಂಗ್. ಸರ್ವಿಸ್ ಸಲಹೆಗಾರ ಇಷ್ಟುದ್ದ ಜಾಗ ಇಲ್ಲ ಸರ್ ಅಂದ್ರೆ ಹಿಂದುಗಡೆ ಬರೆಸಿ, ಅದರ ಫೋಟೋ ತಗೊಳ್ಳಿ. ಪ್ಯಾಕಿಗೆ ಬಹಳ ಕಂಪನಿಗಳು 8 ವರ್ಷ ಇಲ್ಲಾ 1,60,000 ಕಿಲೋಮೀಟರ್ ವಾರಂಟಿ ಕೊಡ್ತಾರೆ, ನಾಳೆ ಕ್ಲೈಮ್ ಮಾಡುವಾಗ ಎರಡನೇ ವರ್ಷವೇ ಈ ದೂರು ಕೊಟ್ಟಿದ್ದೆ ಅಂತ ತೋರಿಸೋಕೆ ಇರೋದು ಆ ಕಾಗದ ಒಂದೇ. ಕಾರು ವಾಪಸ್ ತಗೊಳ್ಳುವಾಗ ಯಾವ ಕೋಡ್ ಸಿಕ್ತು, ಏನು ಬದಲಾಯಿಸಿದ್ರು, ಈಗ ವರ್ಷನ್ ಎಷ್ಟು, ಈ ಮೂರು ಬಿಲ್ಲಿನ ಮೇಲೇ ಬರೆಸ್ಕೊಳ್ಳಿ. ಸಣ್ಣ ಬ್ಯಾಟರಿ ಬದಲಾಯಿಸಿದ್ರೆ ತಾರೀಖನ್ನ ಅದರ ತಲೆ ಮೇಲೆ ಮಾರ್ಕರಲ್ಲಿ ಬರೀರಿ, ನಮ್ಮ ಕಾರಲ್ಲಿ ಅರಸೀಕೆರೆ ಅಂಗಡಿಯವರು ಬರೆದುಕೊಟ್ಟಿದ್ದು ಇನ್ನೂ ಹಾಗೇ ಇದೆ, ಪ್ರತಿ ತಿಂಗಳು ಮೀಟರ್ ಇಡುವಾಗ ಅದರ ಕೆಳಗೆ ವೋಲ್ಟೇಜ್ ಬರೆದ ಚೀಟಿ ಅಂಟಿಸ್ತೀನಿ, ಹೋದ ಭಾನುವಾರದ್ದು 12.6.